ಏಣಿಯ ಎರಡನೇ ಮೆಟ್ಟಿಲು

ಹೊಸಕೊಪ್ಪಲು, ಪಿರಿಯಾಪಟ್ಟಣ ತಾಲ್ಲೂಕು
ಭಾನುವಾರ, 1-9-2002

ಪ್ರೀತಿಯ ಅಕ್ಕಾ,

ನಿನ್ನ ತಮ್ಮ ಲಿಂಗರಾಜು ಮಾಡುವ ನಮಸ್ಕಾರಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ನಿನ್ನ ಮಂಡಿನೋವು ಈಗ ಹೇಗಿದೆ? ಕೆ.ಆರ್. ನಗರದ ಬಸುರಿ ಬಾಣಂತಿಯರಿಗೆಲ್ಲ ನಡೆಯಿರಿ, ನಡೆಯಿರಿ ಎಂದು ಬುದ್ಧಿ ಹೇಳಿ ಕಳಿಸುವ ನರ್ಸಮ್ಮ, ಎರಡು ಫರ್ಲಾಂಗ್ ದೂರದ ಆಸ್ಪತ್ರೆಗೆ ಸ್ಕೂಟರಿನ ಹಿಂದೆ ಕೂತು ಹೋಗುತ್ತಾಳಂತೆ. ಹೋದ ತಿಂಗಳು ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ ಭಾವನವರು ದೂರು ಹೇಳಿದರು. ನಾನು ಬಾಯಿಬಿಟ್ಟೆ ಎಂದು ಅವರ ಮೇಲೆ ಹಾರಾಡಬೇಡ. ಬೆಳಿಗ್ಗೆ ಬಿಸಿನೀರಿನ ಶಾಖ ಕೊಟ್ಟುಕೋ, ಬೇರೆಯವರಿಗೆ ಕೊಡುವ ಮಾತ್ರೆಯನ್ನು ನೀನೂ ಒಂದಷ್ಟು ನುಂಗು. ಭಾವನವರ ಕೆಮ್ಮು ನಿಂತಿತೇ? ಅವರ ಸಿಗರೇಟು ನಿಂತಿತೇ ಎಂದು ಕೇಳುವ ಧೈರ್ಯ ನನಗಿಲ್ಲ, ಯಾಕೆಂದರೆ ನಾನು ಉಣ್ಣುತ್ತಿರುವುದು ಹೊಗೆಸೊಪ್ಪು ಬೆಳೆಯುವ ಮನೆಯ ಅನ್ನ.

ಬ್ಯಾರನ್ ಮುಂದಿನ ಹುಣಸೆ ಮರದ ಕೆಳಗೆ ಸೌದೆ ದಿಮ್ಮಿಯ ಮೇಲೆ ಕೂತು, ಪುಟ್ಟಿಯ ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನೀನು ಬ್ಯಾರನ್ ನೋಡಿದ್ದೀಯ, ಹೊಗೆಸೊಪ್ಪು ಒಣಗಿಸುವ ಆ ಕಿಟಕಿಯಿಲ್ಲದ ಎತ್ತರದ ಮನೆ. ಎರಡನೇ ಸಲ ಮುರಿದ ಸೊಪ್ಪನ್ನು ಕಡ್ಡಿಗೆ ಕಟ್ಟಿ ಒಳಗೆ ತೂಗುಹಾಕಿ ಮೂರು ದಿನವಾಯಿತು. ಹಗಲು ಹೊತ್ತು ಒಲೆಯ ಬಾಯಿಗೆ ಸೌದೆ ತಳ್ಳುವುದು ನನ್ನ ಪಾಲಿನ ಕೆಲಸ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ನೀನು ಕೇಳಬಹುದು. ಮನೆಗೆ ಫೋನ್ ಬಂದು ವರ್ಷವಾಯಿತು ನಿಜ, ಆದರೆ ಅದು ಮಾವನ ಮಂಚದ ತಲೆದಿಂಬಿನ ಪಕ್ಕದಲ್ಲಿದೆ. ನೀನು ಫೋನ್ ಮಾಡಿದಾಗ ನಾನು ಹೂಂ, ಹೂಂ, ಎಲ್ಲ ಚೆನ್ನಾಗಿದೆ ಎಂದಷ್ಟೇ ಹೇಳಿ ಇಡುವುದು ಅದಕ್ಕೇ.

ನಿನ್ನ ಕಾಗದ ಮಂಗಳವಾರ ಬಂತು. ಅಂಚೆಯವನು ಮಾವನ ಕೈಗೇ ಕೊಟ್ಟ. ಮಾವ ಒಡೆದು ಓದುವಂಥ ಮನುಷ್ಯರಲ್ಲ, ಅವರಿಗೆ ಆ ಬುದ್ಧಿ ಇಲ್ಲವೇ ಇಲ್ಲ. ನನ್ನ ಕೈಗೆ ಕೊಟ್ಟು, ಎದುರಿಗೆ ಕೂತು, ಅಕ್ಕ ಏನು ಬರೆದಿದ್ದಾರೆ ಎಂದು ಪ್ರೀತಿಯಿಂದಲೇ ಕೇಳಿದರು. ನಿನಗೆ ಮಂಡಿನೋವಂತೆ ಎಂದೆ. ಒಂದು ಸೀಸೆ ನೋವಿನ ಎಣ್ಣೆ ಕೊಡಿಸಿ ಕಳಿಸೋಣ ಎಂದರು. ಮಂಟಯ್ಯನವರ ವಿಷಯ ನಾನು ಎತ್ತಲೇ ಇಲ್ಲ. ಕೆ.ಆರ್. ನಗರದಲ್ಲಿ ಮೂವತ್ತು ವರ್ಷದಿಂದ ಪಂಪ್‌ಸೆಟ್ಟಿನ ಮೋಟರ್ ರಿಪೇರಿ ಮಾಡುತ್ತಿದ್ದ ಮನುಷ್ಯನಿಗೆ ಕಣ್ಣು ಮಂಜಾಗಿದೆ, ತಂತಿ ಸುತ್ತುವುದು ಗೊತ್ತಿರುವ ನಂಬಿಕಸ್ಥನೊಬ್ಬನಿಗೆ ಅಂಗಡಿ ವಹಿಸುತ್ತಾರೆ, ಹಿಂದೆ ಎರಡು ಕೋಣೆಯ ಮನೆ ಖಾಲಿ ಇದೆ, ಗೌರಿ ಹಬ್ಬದೊಳಗೆ ಹೂಂ ಅಥವಾ ಊಹೂಂ ಹೇಳಬೇಕು ಎಂದು ನೀನು ಬರೆದಿದ್ದನ್ನು ಹಿತ್ತಲಿಗೆ ಹೋಗಿ ನಾಲ್ಕು ಸಲ ಓದಿದೆ. ಎರಡು ಕೋಣೆ ಎಂಬಲ್ಲಿ ಯಾಕೋ ಪ್ರತಿ ಸಲವೂ ನಿಲ್ಲುತ್ತಿದ್ದೆ.

ಅದಕ್ಕೆ ಉತ್ತರ ಹೇಳುವ ಮೊದಲು ನಿನಗೊಂದು ಸತ್ಯ ಹೇಳಬೇಕು. ನೀನು ಪ್ರತಿ ಕಾಗದದ ಕೊನೆಯಲ್ಲೂ ‘ನಿಜ ಹೇಳು, ಸುಖವಾಗಿದ್ದೀಯಾ’ ಎಂದು ಕೇಳುತ್ತೀಯ. ಈ ಸಂಬಂಧ ತಂದು ನನ್ನನ್ನು ಮನೆ ಅಳಿಯನಾಗಿ ಕಳಿಸಿದವಳು ನೀನು, ಅದಕ್ಕೇ ಆ ಪ್ರಶ್ನೆ ನಿನ್ನನ್ನು ಬಿಡುವುದಿಲ್ಲ ಎಂದು ನನಗೆ ಗೊತ್ತು. ನಾನೂ ಎಂಟು ವರ್ಷದಿಂದ ಮೊದಲನೇ ಸಾಲಿನಲ್ಲೇ ಕ್ಷೇಮ ಎಂದು ಬರೆದು ಕೈತೊಳೆದುಕೊಂಡಿದ್ದೇನೆ. ನಿನ್ನ ತಪ್ಪೇನೂ ಇಲ್ಲ. ಒಬ್ಬಳೇ ಮಗಳು, ಗಂಡುಮಕ್ಕಳಿಲ್ಲ, ಮಗನಂತೆ ನೋಡಿಕೊಳ್ಳುತ್ತಾರೆ ಎಂದೆ. ನೋಡಿಕೊಂಡಿದ್ದಾರೆ. ನಮ್ಮೂರು ಕೋಟೆಯಲ್ಲಿ ಎರಡು ಎಕರೆ ಒಣಭೂಮಿಯನ್ನು ಅಣ್ಣನ ಜೊತೆ ಹಂಚಿಕೊಂಡು ನಾನೇನು ಮಾಡುವುದಿತ್ತು? ಅವ್ವ ಇದ್ದಾಗ ನನ್ನನ್ನು ಬಸ್ ಹತ್ತಿಸುತ್ತಾ, ‘ಅಲ್ಲಿ ಅಸಿವು ಅನ್ನೋದ್ ಇರಲ್ಲ ಕಣ್ ಮಗ, ಇನ್ನೇನ್ ಬೇಕು’ ಎಂದಿದ್ದಳು. ಅವ್ವನ ಅಳತೆ ಅದೊಂದೇ, ಹೊಟ್ಟೆ. ಆ ಅಳತೆಯಲ್ಲಿ ನನಗೆ ಕಡಿಮೆಯಾಗಿದ್ದು ಏನೂ ಇಲ್ಲ. ಆದರೆ ಅಳೆಯುವುದಕ್ಕೆ ಬೇರೆ ಸಾಮಾನೂ ಇದೆ ಎಂದು ಈ ಬುಧವಾರ ಗೊತ್ತಾಯಿತು.

ಬುಧವಾರ ಬೆಳಿಗ್ಗೆ ಮೈಸೂರಿನಿಂದ ಸುಮಿತ್ರಾ ಎಂಬ ಹುಡುಗಿ ಬಂದಿದ್ದಳು. ದೊಡ್ಡ ಓದು ಓದುತ್ತಿದ್ದಾಳೆ. ಕೈಯಲ್ಲಿ ಛತ್ರಿ, ಚೀಲದ ತುಂಬ ಅಚ್ಚುಹಾಕಿಸಿದ ಹಾಳೆಗಳು. ಜನ ಎಷ್ಟು ಸುಖವಾಗಿದ್ದಾರೆ, ಎಷ್ಟು ನೆಮ್ಮದಿಯಾಗಿದ್ದಾರೆ ಎಂದು ಅಳೆದು ಬರೆದುಕೊಳ್ಳುವುದೇ ಅವಳ ಓದಂತೆ. ಬಾಯಿಮಾತಿಗೆ ಹಾಗಂತ ಹೇಳುತ್ತಾಳೆ, ಒಳಗೆ ಬೇರೇನೋ ಇರುತ್ತದೆ ಎಂದು ನಮ್ಮ ಮಾವ ತೀರ್ಮಾನ ಮಾಡಿಬಿಟ್ಟರು. ಅವರ ತೀರ್ಮಾನಕ್ಕೆ ಕಾರಣವಿದೆ. ಹಿಂದೊಂದು ಸಲ ಹೀಗೇ ಹಾಳೆ ಹಿಡಿದು ಬಂದವರಿಗೆ ಅತ್ತೆ ಯಶೋದಮ್ಮನವರು ಸಡಗರದಿಂದ ಟಿ.ವಿ., ಮಿಕ್ಸಿ, ಮೋಟರ್‌ಬೈಕು ಎಲ್ಲ ತೋರಿಸಿ ಕಾಫಿ ಕೊಟ್ಟು ಕಳಿಸಿದ್ದರು. ಮೂರು ತಿಂಗಳಿಗೆ ಬಡವರಿಗೆಂದು ಕೊಡುವ ಹಸಿರು ರೇಷನ್ ಕಾರ್ಡು ರದ್ದಾಯಿತು. ಊರಲ್ಲಿ ಇನ್ನೂ ಏಳೆಂಟು ಮನೆಯಲ್ಲಿ ಹಾಗೇ ಆಯಿತು. ಅವತ್ತಿನಿಂದ ಹೊಸಕೊಪ್ಪಲಿನಲ್ಲಿ ಒಂದು ಕಾನೂನು ನಡೆಯುತ್ತಿದೆ: ಹಾಳೆ ಹಿಡಿದು ಯಾರೇ ಬರಲಿ, ಕಮ್ಮಿ ಹೇಳಬೇಕು.

ಆ ಹುಡುಗಿ ಪಕ್ಕದ ಮನೆಯಲ್ಲಿದ್ದಾಳೆ ಎಂಬ ಸುದ್ದಿ ಬಂದದ್ದೇ ತಡ, ನಮ್ಮ ಮನೆಯಲ್ಲಿ ಓಡಾಟ ಶುರುವಾಯಿತು. ಅತ್ತೆ ಮಿಕ್ಸಿಯನ್ನು ರಾಗಿಯ ಚೀಲದ ಹಿಂದೆ ಬಚ್ಚಿಟ್ಟರು. ಟಿ.ವಿ.ಗೆ ಹಳೆಯ ದುಪ್ಪಟಿ ಹೊದಿಸಿದರು. ಬೈಕು ಹಿತ್ತಲಿನ ಹುಲ್ಲಿನ ಮೆದೆಯ ಹಿಂದೆ ಹೋಯಿತು. ಮಾವ ತಮ್ಮ ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡು, ಎಲ್ಲರನ್ನೂ ನಿಲ್ಲಿಸಿ ಪಾಠ ಹೇಳಿಕೊಟ್ಟರು. ಹತ್ತಕ್ಕೆ ಎಷ್ಟು ಎಂದು ಕೇಳುತ್ತಾಳಂತೆ, ಯಾರೂ ಮೂರು ದಾಟಬಾರದು. ಯಾಕೆ ಎಂದರೆ ಮಳೆ ಹೆಚ್ಚಾಗಿ ಸೊಪ್ಪು ಕೊಳೆಯಿತು ಎನ್ನಬೇಕು. ನಾನು ನಗು ತಡೆದುಕೊಂಡು ಹೂಂಗುಟ್ಟಿದೆ. ರಾಧಾ ಮಾತ್ರ ನಗುವುದನ್ನು ತಡೆಯಲಿಲ್ಲ. ಎಂಟು ವರ್ಷದ ಹಿಂದೆ ಹೆಣ್ಣು ನೋಡಲು ಹೋದಾಗ ನೀನು ನೋಡಿದ್ದೆಯಲ್ಲ, ಬಾಗಿಲಿನ ಹಿಂದೆ ನಿಂತು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದ ಹುಡುಗಿ, ಇವತ್ತಿಗೂ ಹಾಗೇ ಇದ್ದಾಳೆ.

ಹುಡುಗಿ ಬಂದು ಜಗಲಿಯ ಮೇಲೆ ಕೂತಳು. ಒಬ್ಬೊಬ್ಬರನ್ನೇ ಬೇರೆ ಬೇರೆ ಕೇಳಬೇಕು ಎಂದಳು. ನಮ್ಮ ಮನೆಯಲ್ಲಿ ಮುಚ್ಚುಮರೆ ಇಲ್ಲ, ಎಲ್ಲರ ಎದುರಿಗೇ ಕೇಳಿ ಎಂದು ಮಾವ ಗೋಡೆಗೆ ಒರಗಿ ಗಟ್ಟಿಯಾಗಿ ಕೂತರು. ಅವಳು ಒಂದು ರಟ್ಟನ್ನು ತೆಗೆದು ತೋರಿಸಿದಳು. ಅದರ ಮೇಲೆ ಹತ್ತು ಮೆಟ್ಟಿಲಿನ ಏಣಿಯ ಚಿತ್ರ. ತುದಿಯ ಮೆಟ್ಟಿಲು ಅಂದರೆ ನಿಮಗೆ ಬೇಕಾದ ಹಾಗೆ ನಡೆಯುತ್ತಿರುವ ಬದುಕು, ಕೆಳಗಿನದು ಅಂದರೆ ಇದಕ್ಕಿಂತ ಕೆಟ್ಟದ್ದು ಬೇಡ ಎನ್ನುವಂಥ ಬದುಕು, ನೀವು ಈಗ ಎಲ್ಲಿ ನಿಂತಿದ್ದೀರಿ ಎಂದು ಬೆರಳಿಟ್ಟು ತೋರಿಸಿ ಎಂದಳು. ಮಾವ ಮೂರನೇ ಮೆಟ್ಟಿಲಿನ ಮೇಲೆ ಬೆರಳಿಟ್ಟು ದೊಡ್ಡದಾಗಿ ಉಸಿರು ಬಿಟ್ಟರು. ಅತ್ತೆ ಗಂಡನಿಗಿಂತ ಮೇಲೆ ನಿಲ್ಲುವುದು ಹೇಗೆ ಎಂದು ಯೋಚಿಸಿ, ಅವರಿಗಿಂತ ಒಂದು ಕೆಳಗೆ ಬರೆದುಕೊಳ್ಳಮ್ಮ ಎಂದರು. ಆಮೇಲೆ ರಾಧಾಳ ಸರದಿ. ಅವಳು ಸೊಪ್ಪಿನ ಅಂಟು ಹತ್ತಿದ ಬೆರಳನ್ನು ಸೀರೆಗೆ ಒರೆಸಿಕೊಂಡು, ಒಂಬತ್ತರ ಮೇಲೆ ಇಟ್ಟಳು.

ಅಕ್ಕಾ, ಆಗ ಮಾವನ ಮುಖ ನೋಡಬೇಕಿತ್ತು. ಕೆಮ್ಮಿದರು. ಅವಳು ಬೆರಳು ತೆಗೆಯಲಿಲ್ಲ. ಯಾಕಮ್ಮ ಒಂಬತ್ತು ಎಂದು ಹುಡುಗಿ ಕೇಳಿದ್ದಕ್ಕೆ, ಹುಟ್ಟಿದ ಮನೆಯಲ್ಲೇ ಇದ್ದೇನೆ, ಅಪ್ಪ ಅವ್ವ ಕಣ್ಣೆದುರಿಗಿದ್ದಾರೆ, ಮಗಳು ಇದ್ದಾಳೆ, ಯಜಮಾನರು ಒಂದು ದಿನವೂ ಗದರಿದವರಲ್ಲ, ಇನ್ನೇನು ಬೇಕು ಎಂದಳು. ಅಷ್ಟು ಸಲೀಸಾಗಿ ಹೇಳಿದಳು. ಸುಳ್ಳು ಹೇಳುವುದಕ್ಕೆ ಅವಳಿಗೆ ಬರುವುದೇ ಇಲ್ಲ, ಮೊದಲಿನಿಂದಲೂ ಅಷ್ಟೆ. ಹುಡುಗಿ ಬರೆದುಕೊಂಡು ನನ್ನ ಕಡೆ ತಿರುಗುವಷ್ಟರಲ್ಲಿ ಮಾವ ನನಗೆ ಕಣ್ಣು ಮಿಟುಕಿಸಿದರು. ಮಗಳು ಕೆಡಿಸಿದ್ದನ್ನು ಅಳಿಯ ಸರಿಮಾಡಲಿ ಎಂದು ಅರ್ಥ. ನಾನು ಎರಡರ ಮೇಲೆ ಬೆರಳಿಟ್ಟೆ. ಆ ಹೊತ್ತಿಗೆ ಅದು ಹೇಳಿಕೊಟ್ಟ ಪಾಠವೇ ಆಗಿತ್ತು, ನಿನ್ನಾಣೆ. ಅವಳು ಅಲ್ಲಿಗೇ ನಿಲ್ಲಿಸಿದ್ದರೆ ಈ ಕಾಗದ ಹೀಗಿರುತ್ತಿರಲಿಲ್ಲ. ಆದರೆ ಅವಳು, ಒಂದೇ ಒಂದು ಮೆಟ್ಟಿಲು ಮೇಲೆ ಹತ್ತಬೇಕಾದರೆ ನಿಮಗೆ ಏನಾಗಬೇಕು ಸರ್ ಎಂದು ಕೇಳಿಬಿಟ್ಟಳು.

ಮಳೆ ಹೆಚ್ಚಾಗಿ ಸೊಪ್ಪು ಕೊಳೆಯಿತು ಎನ್ನಲು ಬಾಯಿ ತೆರೆದೆ. ಬಂದದ್ದು ಬೇರೆಯೇ ಮಾತು. ‘ಈ ಊರಲ್ಲಿ ನನ್ನೆಸ್ರು ಯಾರ್ಗೂ ಗೊತ್ತಿಲ್ಲ ಕಣಮ್ಮ’ ಎಂದೆ. ಎಂಟು ವರ್ಷದಿಂದ ಮಾವನ ಹೆಸರು ಹಿಡಿದು ಮಂಚಯ್ಯನ ಅಳಿಯ ಎಂದೇ ಕರೆಯುತ್ತಾರೆ, ನಿಮ್ಮ ಹಾಳೆಯಲ್ಲೂ ಈಗ ಹಾಗೇ ಬರೆದುಕೊಂಡಿದ್ದೀರಿ ಎಂದೆ. ಅವಳು ನೋಡಿಕೊಂಡಳು, ಹಾಗೇ ಬರೆದಿದ್ದಳು. ಮಾವ ಭಲೇ ಎನ್ನುವಂತೆ ತಲೆದೂಗಿದರು. ನನಗೆ ನಿಲ್ಲಿಸಲು ಆಗಲಿಲ್ಲ. ಈ ಮನೆಗೆ ಬಂದಮೇಲೆ ನನಗೆ ಹಸಿವು ಹೇಗಿರುತ್ತದೆ ಎಂಬುದೇ ಮರೆತುಹೋಗಿದೆ, ಆಗುವ ಮೊದಲೇ ತಟ್ಟೆ ಬಂದುಬಿಡುತ್ತದೆ ಎಂದೆ. ನಾನು ಕೋಟೆಯಲ್ಲಿ ಆರು ವರ್ಷ ಮೋಟರ್ ಸುತ್ತಿದವನು, ಆದರೆ ನಮ್ಮ ಬೋರಿನ ಮೋಟರ್ ಸುಟ್ಟಾಗ ಅದನ್ನು ಟೆಂಪೋದಲ್ಲಿ ಹಾಕಿಕೊಂಡು ಪಿರಿಯಾಪಟ್ಟಣಕ್ಕೆ ಹೋಗುತ್ತಾರೆ, ಅಳಿಯಂದಿರು ಕೈ ಮಸಿ ಮಾಡಿಕೊಳ್ಳಬಾರದಂತೆ ಎಂದೆ. ಬ್ಯಾರನ್ನಿಗೆ ಸೌದೆ ಹಾಕುವವನು ನಾನು, ಆದರೆ ಒಳಗಿನ ಕಾವು ಎಷ್ಟಿರಬೇಕು ಎಂದು ಒಂದು ಸಲವೂ ನನ್ನನ್ನು ಕೇಳಿದವರಿಲ್ಲ ಎಂದೆ. ಕೊನೆಗೆ ಪುಟ್ಟಿಯ ವಿಷಯವೂ ಬಂದುಬಿಟ್ಟಿತು. ಸ್ಕೂಲಿನಲ್ಲಿ ಮೇಡಂ ನಿಮ್ಮ ಮನೆಯ ಚಿತ್ರ ಬರೆಯಿರಿ ಎಂದಿದ್ದಕ್ಕೆ ಅವಳು ಬರೆದು ಕೆಳಗೆ ತಾತನ ಮನೆ ಎಂದು ಹಾಕಿದ್ದಳು. ಅಪ್ಪನ ಮನೆ ಎಲ್ಲಿ ಎಂದು ಅವರು ಕೇಳಿದರೆ, ‘ನಮ್ಮಪ್ಪಂಗೆ ಮನೆ ಇಲ್ಲ ಮಿಸ್, ನಮ್ಮಪ್ಪ ನೆಂಟ್ರು’ ಎಂದಳಂತೆ. ಮೇಡಂ ಅದನ್ನು ನಗುತ್ತಾ ನನಗೆ ಹೇಳಿದ್ದರು, ನಾನೂ ನಕ್ಕಿದ್ದೆ.

ಇದನ್ನು ಹೇಳಿ ಮುಗಿಸುವಾಗ ಆ ಹುಡುಗಿಯ ಪೆನ್ನು ನಿಂತಿತ್ತು. ರಾಧಾ ನನ್ನನ್ನೇ ನೋಡುತ್ತಿದ್ದಳು, ಅವಳ ಮುಖದಲ್ಲಿ ನಗು ಇರಲಿಲ್ಲ. ಅಷ್ಟರಲ್ಲಿ ಅತ್ತೆ ನೀರು ಬೇಕೇನಮ್ಮಾ ಎಂದು ಎದ್ದರು, ಹುಡುಗಿ ತನ್ನ ರಟ್ಟು ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡಳು. ಹೋಗುವ ಮೊದಲು ನನ್ನ ಹತ್ತಿರ ಬಂದು, ನಿಮ್ಮ ಹೆಸರೇನು ಸರ್ ಎಂದು ಕೇಳಿದಳು. ಹೇಳಿದೆ. ಮಂಚಯ್ಯನವರ ಅಳಿಯ ಎಂಬುದನ್ನು ಹೊಡೆದು ಲಿಂಗರಾಜು ಎಂದು ಬರೆದುಕೊಂಡಳು.

ಅವಳು ಬೀದಿಯ ತಿರುವು ದಾಟುತ್ತಿದ್ದ ಹಾಗೇ ಮಾವ ನನ್ನ ಬೆನ್ನು ತಟ್ಟಿದರು. ‘ನಾಟ್ಕಕ್ ಸೇರ್ಬೇಕಿತ್ತು ಕಣ್ರೀ ಅಳಿಯಂದ್ರು, ಆ ಉಡ್ಗಿ ಕಣ್ಣಲ್ ನೀರ್ ಬರುಸ್ಬುಟ್ರಲ್ಲ’ ಎಂದರು. ಸಂಜೆಯ ಹೊತ್ತಿಗೆ ಈ ಮಾತು ಟೀ ಅಂಗಡಿಯಲ್ಲಿತ್ತು. ಈಗ ನಾನು ಆ ಕಡೆ ಹೋದರೆ ಸಾಕು, ಇನ್ನೊಂದು ಸಲ ಹೇಳಿ ಅಳಿಯಂದ್ರೇ, ಆ ನೆಂಟರ ಮಾತು ಹೇಳಿ ಎಂದು ದುಂಬಾಲು ಬೀಳುತ್ತಾರೆ. ಮುಂದೆ ರೇಷನ್ ಕಾರ್ಡಿನವರು ಬಂದರೆ ಊರ ಪರವಾಗಿ ನನ್ನನ್ನೇ ಮುಂದೆ ಬಿಡಬೇಕು ಎಂದು ಮಾತಾಗಿದೆಯಂತೆ. ಎಂಟು ವರ್ಷ ಬಾಯಿ ಮುಚ್ಚಿಕೊಂಡಿದ್ದು ಒಂದು ದಿನ ನಿಜ ಹೇಳಿದೆ, ಅದಕ್ಕೆ ಚಪ್ಪಾಳೆ ಬಿತ್ತು. ಮತ್ತೆ ಇನ್ನು ಯಾರಿಗೆ ಏನು ಹೇಳಲಿ? ನಿಜವೇ ಎಂದು ಹೇಳಿದರೆ ಅದನ್ನೂ ನಾಟಕ ಎನ್ನುತ್ತಾರೆ. ಬಾಗಿಲಿಲ್ಲದ ಕಡೆ ಕೂತ ಹಾಗಿದೆ. ರಾತ್ರಿ ಊಟಕ್ಕೆ ಅತ್ತೆ ಕೋಳಿ ಕುಯ್ದು, ಮಕ್ಕಳಿಗೆಂದು ಎತ್ತಿಡುವ ಈಲಿಯ ತುಂಡನ್ನು ನನ್ನ ತಟ್ಟೆಗೇ ಹಾಕಿದರು. ಅದನ್ನು ಪುಟ್ಟಿಗೆ ಕೊಡಲು ಹೋದರೆ ಬೇಡ, ಅಳಿಯಂದಿರು ಹೊಟ್ಟೆ ತುಂಬ ಉಣ್ಣಿ ಎಂದರು.

ರಾಧಾ ಮಾತ್ರ ಚಪ್ಪಾಳೆ ಹೊಡೆಯಲಿಲ್ಲ. ಮಾರನೇ ದಿನ ಬೆಳಿಗ್ಗೆ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದವಳು, ನಾನು ನೀರು ಸೇದಿಕೊಡಲು ಹೋದಾಗ ತಲೆಯೆತ್ತದೆ ಹೇಳಿದಳು. ‘ಅಪ್ಪ ಸುಳ್ಳೇಳಿ ಅಂದ್ರು. ನನ್ ಕೈಲಾಗ್ನಿಲ್ಲ. ನಿಮ್ ಕೈಲೂ ಆಗ್ನಿಲ್ಲ, ಅಲ್ವಾ?’ ಅವಳ ಕೈಯಲ್ಲಿ ಪುಟ್ಟಿಯ ಲಂಗ ಇತ್ತು. ಅದನ್ನು ಹಿಂಡುತ್ತಲೇ ಇದ್ದಳು, ಅದರಲ್ಲಿ ನೀರೇ ಉಳಿದಿರಲಿಲ್ಲ. ನಾನು ಏನು ಹೇಳಬೇಕಿತ್ತು ಹೇಳು. ಹೌದು ಎಂದರೆ ಅವಳ ಒಂಬತ್ತು ಅಲ್ಲೇ ಕಲ್ಲಿನ ಮೇಲೆ ಬಿದ್ದು ಒಡೆಯುತ್ತದೆ. ನಾನು ನಕ್ಕು, ಹುಚ್ಚಿ, ನಿಮ್ಮಪ್ಪ ಕಣ್ಣು ಹೊಡೆದಿದ್ದನ್ನು ನೋಡಲಿಲ್ಲವಾ, ಎಲ್ಲ ನಾಟಕ ಎಂದೆ. ಅವಳು ಹೂಂ ಎಂದಳು. ಮತ್ತೆ ಕೇಳಲಿಲ್ಲ. ಆ ಹೂಂ ಎಂಥದ್ದು ಎಂದು ಮೂರು ದಿನದಿಂದ ಯೋಚಿಸುತ್ತಿದ್ದೇನೆ. ಅವತ್ತಿನಿಂದ ಅವಳು ನನ್ನ ತಟ್ಟೆಗೆ ತಾನಾಗಿ ಬಡಿಸುತ್ತಿಲ್ಲ, ಹಸಿವಾಗಿದೆಯಾ ಎಂದು ಕೇಳಿ ಬಡಿಸುತ್ತಾಳೆ.

ಮಾವನಿಗೂ ಎಲ್ಲೋ ಒಂದು ಮಾತು ತಾಗಿರಬೇಕು ಎಂದು ನನ್ನ ಅನುಮಾನ. ನಿನ್ನೆ ಮಧ್ಯಾಹ್ನ ಬ್ಯಾರನ್ ಹತ್ತಿರ ಬಂದವರು ಗಾಜಿನ ಕಿಂಡಿಯ ಎದುರು ನಿಂತರು. ಒಳಗೆ ಥರ್ಮಾಮೀಟರ್ ತೂಗುಹಾಕಿರುತ್ತದೆ, ಆ ಕಿಂಡಿಯಲ್ಲಿ ಕಣ್ಣಿಟ್ಟು ನೋಡಿ ಸೌದೆ ಹೆಚ್ಚಿಸಬೇಕೋ ಕಡಿಮೆ ಮಾಡಬೇಕೋ ಎಂದು ಹೇಳುವವರು ಇಡೀ ಮನೆಗೆ ಅವರೊಬ್ಬರೇ. ಸ್ವಲ್ಪ ಹೊತ್ತು ನಿಂತಿದ್ದು, ಪಕ್ಕಕ್ಕೆ ಸರಿದರು. ‘ನೀವೇ ನೋಡಿ ಅಳಿಯಂದ್ರೇ, ಎಷ್ಟೈತೆ?’ ಎಂದರು. ಅಕ್ಕಾ, ಮೂವತ್ತಾರು ವರ್ಷದ ಗಂಡಸು ನಾನು, ಆ ಕಿಂಡಿಗೆ ಮುಖ ಇಡುವ ಮೊದಲು ಸ್ಕೂಲಿನ ಹುಡುಗನ ಹಾಗೆ ಕೈ ಒರೆಸಿಕೊಂಡೆ. ನೂರಾ ಹದಿನೆಂಟು ಎಂದೆ. ಇನ್ನು ಏನು ಮಾಡೋಣ ಎಂದರು. ಎಲೆ ಪೂರ್ತಿ ಹಳದಿಗೆ ತಿರುಗಿದೆ, ನಿಧಾನವಾಗಿ ಏರಿಸೋಣ ಎಂದೆ. ಸರಿ ಎಂದರು. ನಾನು ಸೌದೆ ತರಲು ತಿರುಗಿದೆ. ನಾಲ್ಕು ಹೆಜ್ಜೆ ಹೋಗಿ ಹಿಂದೆ ನೋಡಿದರೆ, ಅವರು ಬಗ್ಗಿ ಕಿಂಡಿಯಲ್ಲಿ ಕಣ್ಣಿಟ್ಟು ತಾವೇ ಇನ್ನೊಂದು ಸಲ ನೋಡುತ್ತಿದ್ದರು. ಅವರು ಕೆಟ್ಟವರಾಗಿದ್ದರೆ ನಾನು ಯಾವತ್ತೋ ಬಸ್ ಹತ್ತುತ್ತಿದ್ದೆ. ಅವರಿಂದ ಸಾಧ್ಯವಾಗುವಷ್ಟು ಅವರು ಮಾಡಿದರು. ಅದಕ್ಕಿಂತ ಹೆಚ್ಚು ಅವರಿಂದ ಆಗುವುದಿಲ್ಲ, ಅದು ನನಗೆ ನಿನ್ನೆ ಖಾತ್ರಿಯಾಯಿತು.

ಇನ್ನು ಮಂಟಯ್ಯನವರ ಮಾತು. ಮೂರು ದಿನ ಯೋಚಿಸಿದೆ. ಇಲ್ಲ ಎಂದು ಹೇಳಿಬಿಡು. ರಾಧಾಳನ್ನು ಕರೆದರೆ ಅವಳು ಬರುತ್ತಾಳೆ, ಅದೇ ನನಗೆ ಭಯ. ಒಂದು ಮಾತೂ ಆಡದೆ ಟ್ರಂಕು ಕಟ್ಟುತ್ತಾಳೆ. ಆಮೇಲೆ ಕೆ.ಆರ್. ನಗರದ ಎರಡು ಕೋಣೆಯಲ್ಲಿ ಕೂತು ಅಪ್ಪ ಊಟ ಮಾಡಿದರೋ, ಅವ್ವನ ಬೆನ್ನುನೋವು ಹೇಗಿದೆಯೋ ಎಂದು ಬಸ್ಸಿನ ಸದ್ದು ಕೇಳುತ್ತಾ ಇರುತ್ತಾಳೆ. ಹೆಣ್ಣಾಗಿ ಹುಟ್ಟಿಯೂ ತವರು ಬಿಡುವ ಸಂಕಟ ಅವಳೊಬ್ಬಳಿಗೆ ತಪ್ಪಿತ್ತು, ಅದನ್ನು ತಂದು ಅವಳ ತಲೆಯ ಮೇಲೆ ಹಾಕುವವನು ನಾನೇ ಆಗಬೇಕಾ? ಎಲ್ಲ ಹೆಂಗಸರೂ ಅದನ್ನು ಮಾಡುವುದಿಲ್ಲವಾ ಎಂದು ನೀನು ಕೇಳುತ್ತೀಯ. ನೀನೂ ಮಾಡಿದ್ದೀಯ, ಹದಿನೆಂಟಕ್ಕೆ ಕೋಟೆ ಬಿಟ್ಟು ಹೋದವಳು. ಅದು ಹೇಗಿರುತ್ತದೆ ಎಂದು ನಾನು ನಿನ್ನನ್ನು ಯಾವತ್ತೂ ಕೇಳಲಿಲ್ಲ. ಈಗ ಗೊತ್ತು, ಕೇಳಬೇಕಿತ್ತು. ಒಬ್ಬನೇ ಬರುವ ಮಾತಂತೂ ಇಲ್ಲ, ಪುಟ್ಟಿಯನ್ನು ಬಿಟ್ಟು ಒಂದು ವಾರ ನನ್ನಿಂದ ಆಗುವುದಿಲ್ಲ. ಅವಳ ಒಂಬತ್ತು ನಿಂತಿರುವುದು ನನ್ನ ಎರಡರ ಮೇಲೆ. ಕೆಳಗಿನವನು ಎದ್ದು ಹೋದರೆ ಮೇಲಿನವರು ಬೀಳುತ್ತಾರೆ, ಅಷ್ಟು ಗೊತ್ತಾಗುವುದಕ್ಕೆ ದೊಡ್ಡ ಓದು ಬೇಕಾಗಿಲ್ಲ.

ಆದ್ದರಿಂದ ನೀನು ಇನ್ನು ಮುಂದೆ ಸುಖವಾ ಎಂದು ಕೇಳಬೇಡ ಅಕ್ಕಾ. ಎರಡು ಎಂದು ತಿಳಿದುಕೋ. ಅದು ನಿನ್ನಿಂದ ಆದದ್ದಲ್ಲ. ಮನಸ್ಸಿಗೆ ಹಚ್ಚಿಕೊಂಡು ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡ, ಒಬ್ಬರಿಗಾದರೂ ಹೇಳಿದೆನಲ್ಲ ಎಂದು ನನಗೆ ಇವತ್ತು ಎದೆ ಹಗುರವಾಗಿದೆ. ಗೌರಿ ಬಾಗಿನ ಎಂದಿನಂತೆ ಕಳಿಸುತ್ತೇನೆ. ಎಂದಿನಂತೆ ಎಂದರೆ ಏನು ಎಂದು ನಿನಗೆ ಗೊತ್ತಿರಲಿ, ಎಂಟು ವರ್ಷವೂ ಆ ಸೀರೆ, ಬಳೆ, ಮೊರ ಎಲ್ಲ ಆರಿಸಿ ತಂದು ಕಟ್ಟಿಕೊಟ್ಟವರು ನಮ್ಮ ಅತ್ತೆ. ನಾನು ನಿನಗೆ ಇಷ್ಟವಾದ ಬಣ್ಣ ಯಾವುದು ಎಂದು ಸಹ ಹೇಳಿದವನಲ್ಲ, ಅವರೇ ಊಹೆ ಮಾಡಿ ಸರಿಯಾಗಿ ತರುತ್ತಿದ್ದರು. ಭಾವನವರಿಗೆ ನಮಸ್ಕಾರ ಹೇಳು. ನಿನ್ನ ಮಕ್ಕಳಿಗೆ ಸೋದರಮಾವನ ಮುತ್ತು. ನಿನ್ನ ಮಂಡಿ ಬೇಗ ನೆಟ್ಟಗಾಗಲಿ, ನಿನ್ನ ಕೈಯಲ್ಲಿ ಹುಟ್ಟಿದ ಮಕ್ಕಳೆಲ್ಲ ನಿನ್ನನ್ನು ನೆನೆಯಲಿ. ಕೋಟೆಗೆ ಹೋದರೆ ಅವ್ವನನ್ನು ಮಣ್ಣು ಮಾಡಿದ ಗುಡ್ಡೆಯ ಮೇಲೆ ನನ್ನ ಹೆಸರಿನಲ್ಲೂ ಎರಡು ಹೂವು ಇಡು.

ನಿನ್ನ ಆಶೀರ್ವಾದ ಬೇಡುವ ತಮ್ಮ,
ಲಿಂಗರಾಜು

ಮರೆಯುವ ಮೊದಲು: ಒಲೆಗೆ ಸೌದೆ ಹಾಕಿ ಬರುವಷ್ಟರಲ್ಲಿ ರಾಧಾ ಬುತ್ತಿ ತಂದಿದ್ದಳು. ಸ್ಲೇಟು ಬೇಕು ಎಂದು ಪುಟ್ಟಿ ಅಳುತ್ತಿದ್ದಳಂತೆ, ಅದನ್ನು ತೆಗೆದುಕೊಳ್ಳಲು ಹೋಗಿ ಈ ಕಾಗದ ಪೂರ್ತಿ ಓದಿಬಿಟ್ಟಿದ್ದಾಳೆ. ನಾನು ಬಂದಾಗ ನನ್ನ ಪೆನ್ನು ಅವಳ ಕೈಯಲ್ಲಿತ್ತು. ಈ ಕಾಗದದ ಮೊದಲನೇ 'ಕ್ಷೇಮ'ದ ಮೇಲೆ ಎಳೆದಿರುವ ಗೀಟು ನನ್ನದಲ್ಲ, ಅವಳದು. ಅವಳು ಅಳಲಿಲ್ಲ, ಬೈಯಲೂ ಇಲ್ಲ. ನಾನು ಬೇರೆ ಹಾಳೆಯಲ್ಲಿ ಬರೆಯುತ್ತೇನೆ ಕೊಡು ಎಂದೆ. ‘ತಿದ್ದಿ ಬರೀಬ್ಯಾಡಿ, ಇಂಗೇ ಪೋಸ್ಟಿಗ್ ಆಕಿ’ ಎಂದು ಹೇಳಿ, ಸ್ಲೇಟು ಎತ್ತಿಕೊಂಡು ಹೋದಳು. ಅಷ್ಟೇ ಹೇಳಿದ್ದು, ಅದರ ಅರ್ಥ ನನಗೆ ಪೂರ್ತಿ ಗೊತ್ತಿಲ್ಲ. ಮಂಟಯ್ಯನವರಿಗೆ ಇಲ್ಲ ಎಂದು ಈಗಲೇ ಹೇಳಬೇಡ, ಹಬ್ಬದ ದಿನದವರೆಗೆ ತಡೆದುಕೊಳ್ಳಲಿ. ಈ ಸಲ ಬಾಗಿನ ನಾನೇ ತರುತ್ತೇನೆ, ಹಸಿರು ಸೀರೆ ತಾನೆ ನಿನಗೆ ಇಷ್ಟ? ಅವತ್ತು ಬಸ್ಸಿನಿಂದ ಎಷ್ಟು ಜನ ಇಳಿಯುತ್ತೇವೆ ಎಂದು ಗೊತ್ತಿಲ್ಲ. ನೀನು ಮಾತ್ರ ಅಕ್ಕಿಯನ್ನು ಮೂರು ಜನಕ್ಕೆ ಹೆಚ್ಚಾಗಿ ಹಾಕು.